ಹೊತ್ತು ತಂದ ಹಾಜರಿ

1787ರ ಸೆಪ್ಟೆಂಬರ್ ತಿಂಗಳ ಕೊನೆಯ ಶನಿವಾರದ ಬೆಳಿಗ್ಗೆ, ಫಿಲಡೆಲ್ಫಿಯಾದ ಆರನೆಯ ಬೀದಿಯಲ್ಲಿ ವಿಧವೆ ಪ್ರಿಂಗಲ್ ನಡೆಸುತ್ತಿದ್ದ ವಸತಿಗೃಹದ ಮಾಳಿಗೆಯ ಕೋಣೆಯಲ್ಲಿ, ಆರ್ಚಿಬಾಲ್ಡ್ ಗಿಲ್‌ಕ್ರಿಸ್ಟರು ಮಾಡಬೇಕಾಗಿದ್ದ ಕೆಲಸ ಒಂದೇ ಒಂದು: ಸುಮ್ಮನೆ ಕುಳಿತಿರುವುದು. ಸಂಜೆಯವರೆಗೆ ಅವರು ಆ ಮನೆಯ ಹೊಸಿಲು ದಾಟದಿದ್ದರೆ, ಬ್ಲ್ಯಾಕ್‌ಲಾಗ್ ಕಣಿವೆಯ ಜನಕ್ಕೆ ಕೊಟ್ಟಿದ್ದ ಮಾತು ಉಳಿಯುತ್ತಿತ್ತು. ದಾಟಿದರೆ ಹೋಗುತ್ತಿತ್ತು.

ಅವರು ಕಣಿವೆಯಲ್ಲಿ ಮಾತು ಕೊಟ್ಟಾಗಲೂ ನಾನು ಇದ್ದೆ, ಆ ಶನಿವಾರ ಆ ಕೋಣೆಯಲ್ಲೂ ಇದ್ದೆ. ನನ್ನದು ಹೇರುಕುದುರೆಗಳ ಕಸುಬು. ಗುಡ್ಡಗಳಾಚೆಗೆ ಉಪ್ಪು, ಕಬ್ಬಿಣ ಒಯ್ಯುವುದು, ಅಲ್ಲಿಂದ ತೊಗಲು, ವಿಸ್ಕಿ ತರುವುದು. ಒಂದೂರಿನಲ್ಲಿ ಎರಡು ಭಾನುವಾರ ಕಳೆದರೆ ಅಂಗಾಲು ತುರಿಸುವ ಜಾತಿ ನನ್ನದು. ಗಿಲ್‌ಕ್ರಿಸ್ಟರು ಹಾಗಲ್ಲ. ಕಣಿವೆಯ ಪ್ರೆಸ್ಬಿಟೇರಿಯನ್ ಚರ್ಚಿನಲ್ಲಿ ಅರ್ಧ ಆಯುಷ್ಯ ಹಿರಿಯರ ಮಂಡಳಿಯ ಬೆಂಚಿನ ಮೇಲೆ ಕುಳಿತವರು; ಬೇಲಿ ಜಗಳ, ಹಂದಿ ಕಳವು, ಗಂಡ ಹೆಂಡಿರ ಮುನಿಸು ಎಲ್ಲಕ್ಕೂ ಅವರದೇ ನ್ಯಾಯ. ಆ ನಂಬಿಕೆಯ ಮೇಲೆಯೇ ಕಣಿವೆ ಅವರನ್ನು ರಾಜ್ಯದ ಶಾಸನಸಭೆಗೆ ಆರಿಸಿ ಕಳಿಸಿತ್ತು.

ಆ ಬೇಸಿಗೆಯಿಡೀ ಬೇರೆ ಬೇರೆ ರಾಜ್ಯಗಳ ದೊಡ್ಡ ಮನುಷ್ಯರು ಫಿಲಡೆಲ್ಫಿಯಾದ ಸ್ಟೇಟ್ ಹೌಸಿನಲ್ಲಿ ಕಿಟಕಿ ಬಾಗಿಲು ಮುಚ್ಚಿಕೊಂಡು, ದೇಶಕ್ಕೆಲ್ಲ ಒಂದು ಸಂವಿಧಾನ ಬರೆಯುತ್ತಿದ್ದಾರೆಂಬ ಸುದ್ದಿ ಕಣಿವೆಗೂ ಬಂದಿತ್ತು. ಏನು ಬರೆಯುತ್ತಿದ್ದಾರೆಂಬುದು ಮಾತ್ರ ಬಂದಿರಲಿಲ್ಲ. ಗಿಲ್‌ಕ್ರಿಸ್ಟರು ಅಧಿವೇಶನಕ್ಕೆ ಹೊರಟ ದಿನ, ಇಬ್ಬರು ಮಕ್ಕಳನ್ನು ಇಂಗ್ಲೆಂಡಿನ ದೊರೆಯ ಮೇಲಿನ ಯುದ್ಧದಲ್ಲಿ ಕಳೆದುಕೊಂಡಿದ್ದ ಗ್ರಿಜೆಲ್ ಅಜ್ಜಿ ಅವರ ಕುದುರೆಯ ಕಡಿವಾಣ ಹಿಡಿದು ನಿಂತಳು.

"ಆರ್ಚಿ, ಬಾಗ್ಲು ಹಾಕ್ಕೊಂಡು ಬರೆದಿದ್ದನ್ನ ನಾವು ಬಾಗ್ಲು ತಕ್ಕೊಂಡು ಓದ್ಬೇಕು. ನಾವು ಓದೋ ತನಕ ನೀನು ಹೂಂ ಅನ್ಬಾರ್ದು. ಹೂಂ ಅನ್ನೋರಿಗೆ ಆಸರೆಯಾಗೂ ನಿಲ್ಬಾರ್ದು."

ಗಿಲ್‌ಕ್ರಿಸ್ಟರು ಟೋಪಿ ತೆಗೆದು ಬಲಗೈ ಮೇಲೆತ್ತಿದರು. ನಮ್ಮವರಲ್ಲಿ ಆಣೆ ಇಡುವುದು ಹಾಗೆಯೇ. ಬೈಬಲ್ ಪುಸ್ತಕಕ್ಕೆ ಮುತ್ತಿಡುವ ಪದ್ಧತಿ ನಮ್ಮದಲ್ಲ.

ಸುಲಭವಾಗಿ ಉಳಿಸಿಕೊಳ್ಳಬಹುದಾದ ಮಾತು ಅದು ಎಂದೇ ನನಗೂ ತೋರಿತ್ತು. ಯುದ್ಧದ ಮೊದಲ ವರ್ಷಗಳಲ್ಲಿ ಪೆನ್ಸಿಲ್ವೇನಿಯಾ ತನಗಾಗಿ ಬರೆದುಕೊಂಡಿದ್ದ ಸಂವಿಧಾನದಲ್ಲಿ ಅದಕ್ಕೆ ಆಧಾರವೂ ಇತ್ತು. ಜನರ ಬಾಳಿಗೆ ತಾಗುವ ಮಸೂದೆಯನ್ನು ಅಚ್ಚು ಹಾಕಿಸಿ ಜನರ ಮುಂದಿಡಬೇಕು, ತೀರ ತುರ್ತಿಲ್ಲದಿದ್ದರೆ ಮುಂದಿನ ಅಧಿವೇಶನದವರೆಗೆ ಕಾಯಬೇಕು ಎಂಬುದು ಅದರ ಒಂದು ವಿಧಿ. ಮೂರರಲ್ಲಿ ಎರಡು ಪಾಲು ಸದಸ್ಯರು ಕೂಡದೆ ಶಾಸನಸಭೆ ನಡೆಯುವಂತಿಲ್ಲ ಎಂಬುದು ಇನ್ನೊಂದು. ಆದರೆ ನಗರದ ಸದಸ್ಯರಿಗೆ ಕಾಯುವ ಮನಸ್ಸಿರಲಿಲ್ಲ. ಹೊಸ ಸಂವಿಧಾನ ಹೊರಬಿದ್ದು ಎರಡು ವಾರವಾಗಿರಲಿಲ್ಲ, ಆಗಲೇ ಅದನ್ನು ಒಪ್ಪುವ ಸಮಾವೇಶಕ್ಕೆ ದಿನ ಗೊತ್ತುಮಾಡುವ ಠರಾವು ತಂದರು. ಆ ಶನಿವಾರ ಅಧಿವೇಶನದ ಕಡೆಯ ದಿನ. ಅದು ಕಳೆದರೆ ಹೊಸ ಚುನಾವಣೆ, ಹೊಸ ಸಭೆ. ಅಷ್ಟರೊಳಗೆ ಗುಡ್ಡದಾಚೆಯ ಜನವೂ ಓದಿರುತ್ತಿದ್ದರು.

ಆದ್ದರಿಂದ ಪಶ್ಚಿಮದ ಸದಸ್ಯರೆಲ್ಲ ಶುಕ್ರವಾರ ಮಧ್ಯಾಹ್ನವೇ ಸಭೆಯಿಂದ ಎದ್ದು ಬಂದು ತಮ್ಮ ತಮ್ಮ ಬಿಡಾರಗಳಲ್ಲಿ ಕುಳಿತುಬಿಟ್ಟರು. ಸಭೆಗೆ ಇಬ್ಬರ ಕೊರತೆ ಬಿದ್ದಿತು. ಇಬ್ಬರಿಲ್ಲದೆ ಆ ದೊಡ್ಡ ಮನೆ, ಆ ಹಸಿರು ಬಟ್ಟೆಯ ಮೇಜುಗಳು, ಆ ಎತ್ತರದ ಕುರ್ಚಿ ಎಲ್ಲವೂ ಬರಿಯ ಮರಮುಟ್ಟು.

"ಲೋ ಫಿನ್ಲೆ, ಇದನ್ನ ಬರೆದೋರು ದಡ್ಡರಲ್ಲ ಕಣೋ," ಎಂದರು ಗಿಲ್‌ಕ್ರಿಸ್ಟರು. ಕಿಟಕಿಯ ಬಳಿ ಕುಳಿತು, ಅಚ್ಚಾದ ಆ ಸಂವಿಧಾನವನ್ನು ಮೂಗಿನ ಹತ್ತಿರ ಹಿಡಿದುಕೊಂಡಿದ್ದರು. "ಕಾನೂನು ಮಾಡೋನು ಒಬ್ಬ, ನಡೆಸೋನು ಒಬ್ಬ, ತೀರ್ಪು ಕೊಡೋನು ಇನ್ನೊಬ್ಬ. ಯಾವನಾದ್ರೂ ಜಾಸ್ತಿ ಕೈ ಚಾಚಿದ್ರೆ ಪಕ್ಕದೋನು ಮಣಿಕಟ್ಟು ಹಿಡ್ಕೋತಾನೆ. ಮನುಷ್ಯನ ಮೇಲೆ ನಂಬ್ಕೆ ಇಲ್ದೋರು ಕೂತು ಬರೆದಿದಾರೆ. ಮನುಷ್ಯ ಹುಟ್ಟಾ ಪಾಪಿ ಅನ್ನೋ ನಮ್ ಪಾದ್ರಿಗಳು ಓದಿದ್ರೆ ಖುಷಿ ಪಡ್ತಾರೆ."

"ಹಂಗಿದ್ರೆ ಹೋಗಿ ಹೂಂ ಅಂದ್ಬಿಡಿ ಹಿರೇರೆ. ನಂಗೂ ಕುದ್ರೆ ಹೇರ್ಕೊಂಡು ಹೊರಡೋಕಾಗುತ್ತೆ."

"ಒಳ್ಳೇದಿದ್ರೆ ಕೇಳ್ದೆ ಮಾಡ್ಬೋದಾ? ಒಳ್ಳೇ ವರ ಸಿಕ್ದ ಅಂತ ಹುಡುಗೀನ ಕೇಳ್ದೆ ಚರ್ಚಿಗೆ ಎಳ್ಕೊಂಡು ಹೋಗ್ತಾರೇನೋ?"

ಕರುಳಿನ ಸಾರಿನ ಬೋಗುಣಿ ಹಿಡಿದು ಒಳಗೆ ಬಂದ ವಿಧವೆ ಪ್ರಿಂಗಲ್ ಅದನ್ನು ಮೇಜಿನ ಮೇಲೆ ಕುಕ್ಕಿದಳು. "ಯಾಕ್ ಎಳ್ಕೊಂಡು ಹೋಗಲ್ಲ? ನನ್ನನ್ನ ಹಂಗೇ ಎಳ್ಕೊಂಡು ಹೋಗಿದ್ದು. ನನ್ ಪುಣ್ಯ, ಆತ ಬೇಗ ಸತ್ತ. ತಿನ್ನಿ, ತಣ್ಣಗಾಗುತ್ತೆ."

ಸಾರು ತಣ್ಣಗಾಗುವ ಮೊದಲೇ ಸಭೆಯ ದಫೇದಾರ ಬಂದ. ಮರ್ಯಾದಸ್ಥ. ಟೋಪಿ ಕಂಕುಳಲ್ಲಿಟ್ಟುಕೊಂಡು, ಸಭೆ ಕರೆಯುತ್ತಿದೆ, ದಯಮಾಡಿಸಬೇಕು ಎಂದ.

"ಸಭೆ ಎಲ್ಲಿದೆಯಪ್ಪಾ?" ಗಿಲ್‌ಕ್ರಿಸ್ಟರು ಚಮಚ ಕೆಳಗಿಡಲಿಲ್ಲ. "ಮೂರರಲ್ಲಿ ಎರಡು ಪಾಲು ಸೇರಿದ್ರೆ ಸಭೆ. ಅಲ್ಲೀ ತನಕ ಅದು ಗುಂಪು. ಗುಂಪಿಗೆ ನನ್ನ ಕರೆಯೋ ಅಧಿಕಾರ ಇಲ್ಲ, ನಂಗೆ ಬರೋ ಕರ್ಮ ಇಲ್ಲ. ಹಂಗಂತ ಹೇಳು."

ದಫೇದಾರ ತಲೆ ಕೆರೆದುಕೊಂಡು ಹೋದ. ಅವನ ಹಿಂದೆ ನಾನು ನಕ್ಕೆ. ನಾನು ನಕ್ಕಿದ್ದು ಆ ದಿನ ಅಷ್ಟೇ.

ಆಮೇಲೆ ಬಂದದ್ದು ಬೀದಿ. ಹಗ್ಗ ಹೊಸೆಯುವವರು, ಪೀಪಾಯಿ ಕಟ್ಟುವವರು, ಹಡಗುಗಳಿಂದ ಇಳಿದು ಎರಡು ದಿನವೂ ಆಗದ ನಾವಿಕರು. ಹೊಸ ಸಂವಿಧಾನ ಬಂದರೆ ಬಂದರಿನಲ್ಲಿ ವ್ಯಾಪಾರ ಕುದುರುತ್ತದೆಂದು ಅವರಿಗೆ ಯಾರೋ ಹೇಳಿದ್ದರು. ಅದು ಸುಳ್ಳೂ ಅಲ್ಲದಿರಬಹುದು. ಮೊದಲು ಕಿಟಕಿಯ ಗಾಜು ಹೋಯಿತು, ನಂತರ ಬಾಗಿಲು.

"ಒಡೆಯೋದು ಒಡೀತೀರಿ, ಕಾಲಾದ್ರೂ ಒರೆಸ್ಕೊಂಡು ಬನ್ರೋ ಹಾಳಾದೋರೇ!" ಎಂದು ಪ್ರಿಂಗಲ್ ಮೆಟ್ಟಿಲ ಮೇಲೆ ಸೌಟು ಹಿಡಿದು ನಿಂತು ಕೂಗಿದಳು. ಒಬ್ಬನ ಹಣೆಗೆ ಸೌಟು ಬಿತ್ತು. ಅವನು ನಗುತ್ತಲೇ ಅವಳನ್ನು ಎತ್ತಿ ಪಕ್ಕಕ್ಕಿಟ್ಟ.

ನಾನು ಅಡ್ಡ ನಿಂತೆ. ಯಾರದೋ ಮೊಣಕೈ ನನ್ನ ಪಕ್ಕೆಲುಬಿಗೆ ತಗುಲಿ ಗೋಡೆಗೆ ಕುಸಿದೆ. ಕಣ್ಣು ಬಿಡುವಷ್ಟರಲ್ಲಿ ಗಿಲ್‌ಕ್ರಿಸ್ಟರು ನಾಲ್ವರ ಹೆಗಲ ಮೇಲಿದ್ದರು. ಪಕ್ಕದ ಕೋಣೆಯಲ್ಲಿದ್ದ ಇನ್ನೊಬ್ಬ ಸದಸ್ಯನನ್ನು, ಒಬ್ಬ ಮುದಿ ಜರ್ಮನ್ ರೈತನನ್ನು, ಆಗಲೇ ಹೊತ್ತು ಮೆಟ್ಟಿಲಿಳಿಸಿಯಾಗಿತ್ತು.

"ಅಬ್ಬಾ, ಏನ್ ಭಾರ ಇದೀಯೋ ಅಜ್ಜ! ನಿನ್ ಕಣಿವೆ ಜನಾನೆಲ್ಲ ಹೊಟ್ಟೇಲಿಟ್ಕೊಂಡು ಬಂದಿದೀಯಾ?"

"ಹೆಣ ಹೊತ್ತಂಗಾಯ್ತಲ್ಲೋ, ಸ್ವಲ್ಪ ಒದ್ದಾಡು ಮಾರಾಯಾ!"

ಅವರು ಒದ್ದಾಡುತ್ತಲೇ ಇದ್ದರು. ಕೋಟಿನ ತೋಳು ಹರಿದಿತ್ತು. ಬೀದಿಯ ತಿರುವಿನಲ್ಲಿ ಎಡಗಾಲಿನ ಬೂಟು ಕಳಚಿ ಕೆಸರಿಗೆ ಬಿತ್ತು. ನಾನು ಅದನ್ನು ಎತ್ತಿಕೊಂಡು ಹಿಂದೆ ಓಡಿದೆ. ಬೇರೆ ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ.

ಸ್ವಾತಂತ್ರ್ಯ ಸಾರಿದ ಮನೆಯೂ ಅದೇ, ಹೊಸ ಸಂವಿಧಾನ ಬರೆದ ಮನೆಯೂ ಅದೇ. ಆ ಮನೆಯೊಳಕ್ಕೆ, ಬಾಗಿಲ ಮೇಲ್ಪಟ್ಟಿಗೆ ತಲೆ ತಾಕದಂತೆ ಜೋಪಾನವಾಗಿ ಬಗ್ಗಿಸಿ, ಅವರನ್ನು ಒಯ್ದು ಅವರದೇ ಆಸನದ ಮೇಲೆ ಕೂರಿಸಿದರು. ಕೂರಿಸಿದವರಿಗೆ ಪ್ರೇಕ್ಷಕರು ಚಪ್ಪಾಳೆ ತಟ್ಟಿದರು. ಎತ್ತರದ ಕುರ್ಚಿಯ ಮೇಲಿದ್ದ ಸಭಾಧ್ಯಕ್ಷರು ಹರಿದ ತೋಳನ್ನು ನೋಡದೆ ಛಾವಣಿಯನ್ನು ನೋಡಿದರು.

ಗುಮಾಸ್ತ ಹಾಜರಿ ಕರೆಯತೊಡಗಿದ. ಜರ್ಮನ್ ರೈತ ಹೆದರಿ ಓಗೊಟ್ಟ; ಇನ್ನು ಬೇಕಿದ್ದದ್ದು ಒಂದೇ ತಲೆ.

"ಆರ್ಚಿಬಾಲ್ಡ್ ಗಿಲ್‌ಕ್ರಿಸ್ಟ್."

ಅವರು ತುಟಿ ಬಿಚ್ಚಲಿಲ್ಲ.

"ಆರ್ಚಿಬಾಲ್ಡ್ ಗಿಲ್‌ಕ್ರಿಸ್ಟ್?"

ಸಭೆಯಲ್ಲಿ ಗುಸುಗುಸು ಎದ್ದಿತು. ಹೊತ್ತು ತಂದರೂ ಓಗೊಡದವನು ಹಾಜರಿದ್ದಾನೆಯೇ, ಇಲ್ಲವೇ? ಕಣ್ಣಿಗೆ ಕಾಣುತ್ತಿದ್ದಾನಲ್ಲ ಎಂದರು ಕೆಲವರು. ಮೇಜೂ ಕಾಣುತ್ತಿದೆ, ಅದನ್ನೂ ಎಣಿಸುತ್ತೀರಾ ಎಂದ ಯಾರೋ. ಸಭಾಧ್ಯಕ್ಷರು ನಿಯಮದ ಪುಸ್ತಕ ತರಿಸಿ ಪುಟ ತಿರುವತೊಡಗಿದರು. ಅಲ್ಲಿ ಉತ್ತರ ಸಿಗಲಿಲ್ಲವೆಂಬುದು ಅವರ ಮುಖದಿಂದಲೇ ತಿಳಿಯುತ್ತಿತ್ತು.

ಆ ಹೊತ್ತಿಗೆ ಹೊತ್ತು ತಂದವರಿಗೆ ಬೇಸರ ಬಂದಿತ್ತು. ನಿಯಮದ ಚರ್ಚೆ ಕೇಳಲು ಬಂದವರಲ್ಲ ಅವರು. ಎದುರಿನ ಹೋಟೆಲಿನಲ್ಲಿ ಯಾರೋ ಬಿಯರ್ ಕೊಡಿಸುತ್ತಾರೆಂಬ ಮಾತು ಹಬ್ಬಿ, ಒಬ್ಬೊಬ್ಬರಾಗಿ ಜಾರಿದರು. ಬಾಗಿಲು ಹಾರುಹೊಡೆದು ತೆರೆದಿತ್ತು. ಅದರ ಪಕ್ಕದಲ್ಲಿ ಇದ್ದವನು ನಾನೊಬ್ಬನೇ, ಕೈಯಲ್ಲಿ ಕೆಸರಿನ ಬೂಟು ಹಿಡಿದುಕೊಂಡು. ದಫೇದಾರ ಆಚೆಯ ಮೂಲೆಯಲ್ಲಿ ತನ್ನ ಕೋಟಿನ ಮುರಿದ ಗುಂಡಿಯನ್ನು ನೋಡಿಕೊಳ್ಳುತ್ತಿದ್ದ.

ನಾನು ಬೂಟು ಆಡಿಸಿದೆ. ಗಿಲ್‌ಕ್ರಿಸ್ಟರು ನೋಡಿದರು. ಬಾಗಿಲನ್ನೂ ನೋಡಿದರು. ಹಿರೇರೆ, ಕಾಲಿಗೆ ಬುದ್ಧಿ ಹೇಳಿ, ಎಂದು ನಾನು ಒಳಗೊಳಗೇ ಬೇಡಿಕೊಂಡೆ. ನಾಲ್ಕು ಹೆಜ್ಜೆ ಓಡಿದರೆ ಬಾಗಿಲು, ಬಾಗಿಲಾಚೆ ಬೀದಿ, ಬೀದಿ ದಾಟಿದರೆ ಲಾಯದಲ್ಲಿ ನನ್ನ ಕುದುರೆಗಳು. ಅವರು ಎದ್ದು ನಿಂತರು. ನನ್ನ ಕಡೆಗೆ ಒಂದು ಹೆಜ್ಜೆ ಇಟ್ಟೂ ಬಿಟ್ಟರು.

ಆಮೇಲೆ ನಿಂತರು.

ನಮ್ಮ ಚರ್ಚಿನ ಹಿರಿಯರ ಮಂಡಳಿ ಕೂತಿರುವಾಗ ಪಾದ್ರಿಗಳ ಅಪ್ಪಣೆಯಿಲ್ಲದೆ ಯಾರೂ ಎದ್ದು ಹೋಗುವುದಿಲ್ಲ. ಮನೆಗೆ ಬೆಂಕಿ ಬಿದ್ದರೂ ಮೊದಲು ಕೇಳುತ್ತಾರೆ, ಆಮೇಲೆ ಓಡುತ್ತಾರೆ. ಅರ್ಧ ಆಯುಷ್ಯದ ಆ ಅಭ್ಯಾಸ ಅವರ ಮೊಣಕಾಲುಗಳನ್ನು ಹಿಡಿದು ತಿರುಗಿಸಿತು. ಹಿಂದಿನ ದಿನ ಬೇರೆಯವರೆಲ್ಲ ಎದ್ದಾಗ ಅವರ ನಡುವೆ ಸೇರಿ ಹೊರಬಂದಿದ್ದರು, ಈಗ ಒಂಟಿಯಾಗಿದ್ದರು. ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಒದ್ದೆಯಾದ ಉಣ್ಣೆಯ ಕಾಲುಚೀಲ. ಎತ್ತರದ ಕುರ್ಚಿಯ ಕಡೆಗೆ ತಲೆ ಬಾಗಿಸಿ ಹೇಳಿದರು:

"ಸಭಾಧ್ಯಕ್ಷರೇ, ನನ್ನನ್ನ ಬಲವಂತವಾಗಿ ತಂದಿದಾರೆ. ನಾನು ಹೊರಗೆ ಹೋಗೋಕೆ ಅಪ್ಪಣೆ ಕೊಡ್ಬೇಕು."

ನಗರದ ಸದಸ್ಯರಲ್ಲಿ ಲೆಮ್ಯುಯೆಲ್ ಟ್ರೆಂಚರ್ಡ್ ಎಂಬ ವಕೀಲನೊಬ್ಬನಿದ್ದ. ನುಣ್ಣನೆಯ ಕೈ, ನುಣ್ಣನೆಯ ಮಾತು. ಅವನು ಅವಸರವಿಲ್ಲದೆ ಎದ್ದ.

"ಮಾನ್ಯ ಸದಸ್ಯರು ಯಾರ ಅಪ್ಪಣೆ ಕೇಳ್ತಿದಾರೆ, ತಿಳ್ಕೋಬೋದಾ?"

"ಸಭೆಯದು," ಎಂದರು ಗಿಲ್‌ಕ್ರಿಸ್ಟರು.

"ಸಭೆಯದು!" ಟ್ರೆಂಚರ್ಡ್ ಸುತ್ತಲೂ ನೋಡಿದ. "ಬೆಳಿಗ್ಗೆ ಇವರೇ ದಫೇದಾರರ ಕೈಲಿ ಹೇಳಿ ಕಳಿಸಿದ್ರು, ಇದು ಸಭೆಯಲ್ಲ, ಗುಂಪು ಅಂತ. ಈಗ ಸಭೆ ಅಂತಿದಾರೆ. ಸಂತೋಷ. ಗುಂಪಿನ ಅಪ್ಪಣೆ ಯಾರೂ ಕೇಳಲ್ಲ. ಸಭೆ ಇದ್ರೆ ಕೋರಂ ಇದೆ. ಹೊರಗಿರೋನು ಹೊರಗೆ ಹೋಗೋಕೆ ಅಪ್ಪಣೆ ಕೇಳೋಕಾಗಲ್ಲ, ಕೇಳಿದೋರು ಒಳಗಿದಾರೆ. ಗುಮಾಸ್ತರೇ, ಇವರು ಹಾಜರು ಅಂತ ಬರ್ಕೊಳ್ಳಿ."

ಗುಮಾಸ್ತ ಬರೆದುಕೊಂಡ. ಸಭಾಧ್ಯಕ್ಷರು ನಿಯಮದ ಪುಸ್ತಕ ಮುಚ್ಚಿ ನಿಟ್ಟುಸಿರು ಬಿಟ್ಟರು.

ಗಿಲ್‌ಕ್ರಿಸ್ಟರಿಗೆ ತಾವು ಮಾಡಿದ್ದು ಅರ್ಥವಾದದ್ದು ಆಗ. ಮುಖದ ಬಣ್ಣ ಇಳಿಯುತ್ತಾ ಹೋದದ್ದನ್ನು ನಾನು ಬಾಗಿಲಿನಿಂದಲೇ ಕಂಡೆ. ಬಾಗಿಲ ಕಡೆಗೆ ತಿರುಗಿದರು. ದಫೇದಾರ ಅಷ್ಟರಲ್ಲಿ ಅಲ್ಲಿಗೆ ಬಂದು, ಮರ್ಯಾದೆಯಿಂದಲೇ, ಅದನ್ನು ಮುಚ್ಚಿದ. ನಾನು ಬೂಟಿನ ಸಮೇತ ಒಳಗೇ ಉಳಿದೆ.

"ಅಪ್ಪಣೆ ಕೊಡ್ಬೇಕೋ ಬೇಡ್ವೋ, ಮತಕ್ಕೆ ಹಾಕೋಣ," ಎಂದ ಟ್ರೆಂಚರ್ಡ್. "ಮಾನ್ಯ ಸದಸ್ಯರೂ ಮತ ಹಾಕ್ಬೋದು. ಅವರ ಹಕ್ಕು ಅದು. ನಾವೇನು ನಿರಂಕುಶರಲ್ಲ."

ಸಭೆ ಬಿದ್ದು ಬಿದ್ದು ನಕ್ಕಿತು. ಅಪ್ಪಣೆ ಸಿಗಲಿಲ್ಲ. ಆಮೇಲೆ ಠರಾವು ಬಂತು. ಗಿಲ್‌ಕ್ರಿಸ್ಟರು "ಬೇಡ" ಎಂದು ಕಿರುಚಿದರು, ಜೀವಮಾನದಲ್ಲಿ ಮೊದಲ ಬಾರಿಗೆ ದನಿ ಎತ್ತಿ. ಆ ಬೇಡವನ್ನೂ ಗುಮಾಸ್ತ ಶುದ್ಧವಾಗಿ ಬರೆದುಕೊಂಡ. ಬೇಡ ಎಂದವನೂ ಬೇಕಾಗಿದ್ದ ತಲೆಯೇ. ಆ ತಲೆಯಿಲ್ಲದಿದ್ದರೆ ಉಳಿದವರ ಬೇಕು ನಡೆಯುತ್ತಿರಲಿಲ್ಲ. ಸಮಾವೇಶಕ್ಕೆ ದಿನ ಗೊತ್ತಾಯಿತು. ಊರಿನ ಚರ್ಚುಗಳಲ್ಲಿ ಗಂಟೆಗಳು ಮೊಳಗತೊಡಗಿದವು.

ಹೊರಡುವಾಗ ಟ್ರೆಂಚರ್ಡ್ ಅವರ ಹತ್ತಿರ ಬಂದು ನಿಜವಾದ ಗೌರವದಿಂದಲೇ ಬಾಗಿದ. "ಬೇಜಾರು ಮಾಡ್ಕೋಬೇಡಿ ಯಜಮಾನರೇ. ನಿಮ್ಮಂಥ ನಿಯಮಸ್ಥರು ಇರೋದ್ರಿಂದಲೇ ಈ ದೇಶ ನಿಲ್ಲೋದು."

ಗಿಲ್‌ಕ್ರಿಸ್ಟರು ನನ್ನ ಕೈಯಿಂದ ಬೂಟು ತೆಗೆದುಕೊಂಡು, ಹಾಕಿಕೊಳ್ಳದೆ, ಕಂಕುಳಲ್ಲಿ ಇಟ್ಟುಕೊಂಡು ನಡೆದರು.

ಕಣಿವೆಗೆ ಹಿಂದಿರುಗುವ ದಾರಿಯಲ್ಲಿ ಗುಡ್ಡ ಹತ್ತುವಾಗಲೂ ಇಳಿಯುವಾಗಲೂ ಅವರು ತಮ್ಮ ಕುದುರೆಯನ್ನು ನನ್ನ ಹೇರುಗಳ ಹಿಂದೆಯೇ ಉಳಿಸಿಕೊಂಡರು. ಕೊನೆಗೆ ನಾನೇ ಬಾಯಿ ಬಿಟ್ಟೆ.

"ಹಿರೇರೆ, ಹೊತ್ಕೊಂಡು ಹೋದ್ರು ಅಂತ ಹೇಳಿ. ನಿಜಾನೇ ಅದು. ಬಾಗ್ಲು ಕಂಡೋನು ಕಣಿವೇಗೆ ಬರೋರಲ್ಲಿ ನಾನೊಬ್ನೇ. ನಾನು ಇವತ್ತು ಇಲ್ಲಿ, ನಾಳೆ ಎಲ್ಲೋ. ನನ್ನಿಂದ ಒಂದಕ್ಷರ ಹೊರಗೆ ಬರಲ್ಲ."

ಅವರು ಕಡಿವಾಣ ಎಳೆದು ಕುದುರೆ ನಿಲ್ಲಿಸಿದರು. "ನೀನು ಒಳ್ಳೇ ವಕೀಲ ಆಗ್ತಿದ್ದೆ ಕಣೋ," ಎಂದರು. ಅದು ಹೊಗಳಿಕೆಯಾಗಿರಲಿಲ್ಲ.

ಭಾನುವಾರ ಪ್ರವಚನ ಮುಗಿದ ಮೇಲೆ, ಪಾದ್ರಿಗಳು ಹೇಳಿದಂತೆ, ಗಿಲ್‌ಕ್ರಿಸ್ಟರು ಹೊಸ ಸಂವಿಧಾನವನ್ನು ಗಟ್ಟಿಯಾಗಿ ಓದಲು ನಿಂತರು. ಚರ್ಚು ತುಂಬಿತ್ತು. ಮಂಗಳವಾರ ಚುನಾವಣೆಯಿತ್ತು.

"ನಾವು, ಸಂಯುಕ್ತ ಸಂಸ್ಥಾನಗಳ ಜನರು..."

"ಯಾರು?" ಮುಂದಿನ ಸಾಲಿನಿಂದ ಗ್ರಿಜೆಲ್ ಅಜ್ಜಿ ಕೇಳಿದಳು.

"ನಾವು, ಅಜ್ಜಿ."

"ನಾವಾ? ಯಾವಾಗ?"

ಹಿಂದಿನ ಬೆಂಚುಗಳಲ್ಲಿ ನಗು ಹರಡಿತು. ಅವರು ಓದುತ್ತಾ ಹೋದರು. ಎರಡು ಸದನ, ಒಬ್ಬ ಅಧ್ಯಕ್ಷ, ನ್ಯಾಯಾಧೀಶರು. ಓದುವ ದನಿ ಚೆನ್ನಾಗಿತ್ತು. ಕೆಲವರು ತಲೆದೂಗಿದರು ಕೂಡ. ಸದನದ ಕೋರಂ ಬಗ್ಗೆ ಹೇಳುವ ವಿಧಿಗೆ ಬಂದಾಗ ದನಿ ತಗ್ಗಿತು. ಬಹುಮತದಷ್ಟು ಸದಸ್ಯರು ಇಲ್ಲದಾಗ, ಇರುವ ಕೆಲವರೇ ಬಾರದಿರುವವರನ್ನು ಬಲವಂತದಿಂದ ಬರಿಸುವ ಅಧಿಕಾರ ಪಡೆಯಬಹುದು ಎಂದಿತ್ತು ಅಲ್ಲಿ. ಅವರು ಅದನ್ನು ಒಮ್ಮೆ ಓದಿ, ಮತ್ತೊಮ್ಮೆ ಮನಸ್ಸಿನಲ್ಲೇ ಓದಿಕೊಂಡು ನಿಂತರು.

"ನಿಮ್ಮನ್ನ ನೋಡ್ಕೊಂಡೇ ಬರ್ದಂಗಿದೆ ಹಿರೇರೆ!" ಎಂದು ಕಮ್ಮಾರನೊಬ್ಬ ಕೂಗಿದ. ಗುಂಪು ಹೊತ್ತೊಯ್ದ ಸುದ್ದಿ ನಮಗಿಂತ ಮುಂಚೆಯೇ ಕಣಿವೆ ಸೇರಿತ್ತು. ಅದಕ್ಕಾಗಿ ಅವರ ಮೇಲೆ ಯಾರಿಗೂ ಕೋಪವಿರಲಿಲ್ಲ. ಹರಿದ ಕೋಟನ್ನು ಮುಟ್ಟಿ ನೋಡಿ ಕಣ್ಣೊರೆಸಿಕೊಂಡ ಹೆಂಗಸರೂ ಇದ್ದರು. ಗಿಲ್‌ಕ್ರಿಸ್ಟರು ಅಲ್ಲಿಗೇ ಸುಮ್ಮನಾಗಿದ್ದರೆ ಮಂಗಳವಾರ ಮತ್ತೆ ಗೆದ್ದುಬಿಡುತ್ತಿದ್ದರು.

"ಹೊತ್ಕೊಂಡು ಹೋಗಿದ್ದು ನಿಜ," ಎಂದರು ಗಿಲ್‌ಕ್ರಿಸ್ಟರು. "ಕೂರಿಸಿದ ಮೇಲೆ ಬಾಗ್ಲು ತೆರೆದಿತ್ತು. ಅದೂ ನಿಜ."

ನಾನು ಹಿಂದಿನ ಗೋಡೆಗೆ ಒರಗಿಕೊಂಡು ನೆಲ ನೋಡಿದೆ.

"ತೆರೆದಿತ್ತಾ?" ಎಂದಳು ಗ್ರಿಜೆಲ್ ಅಜ್ಜಿ.

"ತೆರೆದಿತ್ತು."

"ಯಾರಾದ್ರೂ ಹಿಡ್ಕೊಂಡಿದ್ರಾ ನಿನ್ನ?"

"ಇಲ್ಲ."

"ಮತ್ತೆ?"

"ಅಪ್ಪಣೆ ಕೇಳಿದೆ."

"ಯಾರನ್ನ?"

"ಅವರನ್ನೇ." ಅವರು ಕಾಗದ ಮಡಿಚಿದರು. "ಕೇಳಿದ್ದಕ್ಕೇ ನಾನು ಹಾಜರು ಅಂತ ಬರ್ಕೊಂಡ್ರು. ನಾನು ಹಾಜರಿದ್ದೆ."

ಅಜ್ಜಿ ಎದ್ದು ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು. ಕೈ ಕೊಡಲು ಹೋದವರನ್ನು ತಳ್ಳಿದಳು.

"ನನ್ ಮಕ್ಳಿಬ್ರೂ ಬ್ರಾಂಡಿವೈನ್ ಹೊಳೆ ದಂಡೇಲಿ ಮಣ್ಣಾದ್ರಲ್ಲ ಆರ್ಚಿ, ಅದು ಯಾತಕ್ಕೆ ಅಂದ್ಕೊಂಡಿದೀಯ? ಇನ್ಮೇಲೆ ಯಾವ ಕುರ್ಚಿ ಮುಂದೂ ನಿಂತು ಅಪ್ಪಣೆ ಕೇಳ್ಬಾರ್ದು ಅಂತ ಕಣೋ. ನೀನು ಹೋಗಿ ಕೇಳಿದೆ. ಅದೂ ಬೂಟಿಲ್ದೆ."

ಯಾರೂ ನಗಲಿಲ್ಲ. ಪಾದ್ರಿಗಳು ಪ್ರಾರ್ಥನೆಗೆ ಏಳೋಣ ಎಂದರು. ಎಲ್ಲರೂ ಎದ್ದರು. ಹಿರಿಯರ ಮಂಡಳಿಯ ಬೆಂಚಿನವರು ಗಿಲ್‌ಕ್ರಿಸ್ಟರಿಗಾಗಿ ಸರಿದು ಜಾಗ ಬಿಟ್ಟರು. ಬಿಟ್ಟ ಜಾಗ ಬೇಕಾದ್ದಕ್ಕಿಂತ ಅಗಲವಾಗಿತ್ತು.

ಅವರು ಬೆಂಚಿನ ಕಡೆಗೆ ಹೋಗಲಿಲ್ಲ. ಮಡಿಚಿದ ಕಾಗದವನ್ನು ಓದುವ ಪೀಠದ ಮೇಲಿಟ್ಟರು. ಪ್ರಾರ್ಥನೆ ನಡುವಿನಲ್ಲಿದ್ದಾಗ, ಪಾದ್ರಿಗಳ ಕಡೆಗೆ ಒಮ್ಮೆಯೂ ತಿರುಗದೆ, ಯಾರನ್ನೂ ಕೇಳದೆ, ಬೆಂಚುಗಳ ನಡುವಿನ ದಾರಿಯಲ್ಲಿ ನಡೆದು ನನ್ನನ್ನು ದಾಟಿ ಹೊರಗೆ ಹೋದರು. ಅವರು ಹಾಗೆ ಹೋದದ್ದು ಅದೇ ಮೊದಲು.

ಯಾರೂ ತಡೆಯಲಿಲ್ಲ. ಅಲ್ಲಿ ಅವರ ತಲೆ ಯಾವ ಲೆಕ್ಕಕ್ಕೂ ಬೇಕಿರಲಿಲ್ಲ.